ಬೆದರಿಕೆಯ ಮುಂದೆ ಶಾಲೆಯ ಬಾಗಿಲು

(ಕಾರವಾರದಲ್ಲಿ ನಡೆದ ಪಾಲಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿದಿನ ಬೆಳಿಗ್ಗೆ ನಾವು ಮಗುವಿನ ಹೆಗಲಿಗೆ ಪಾಟಿಚೀಲ ಏರಿಸಿ, ಬಿಸ್ಮಿಲ್ಲಾ ಹೇಳಿಸಿ ಮನೆಯಿಂದ ಕಳುಹಿಸುತ್ತೇವೆ. ಆ ಕ್ಷಣದಿಂದ ಸಂಜೆ ಅದು ಮರಳಿ ಹೊಸ್ತಿಲು ತುಳಿಯುವವರೆಗೂ ಆ ಮಗು ಮುಖ್ಯೋಪಾಧ್ಯಾಯರ ಬಳಿಯಿರುವ ನಮ್ಮ ಅಮಾನತ್ತು. ಅಮಾನತ್ತನ್ನು ಹೇಗೆ ಕಾಯಬೇಕು ಎಂಬುದು ಇಸ್ಲಾಮಿನಲ್ಲಿ ಚಿಕ್ಕ ಪ್ರಶ್ನೆಯಲ್ಲ. ಆದ್ದರಿಂದಲೇ ಇಂದಿನ ವಿಷಯವು ಪೊಲೀಸರಿಗೆ ಅಥವಾ ಶಿಕ್ಷಣ ಇಲಾಖೆಗೆ ಮಾತ್ರ ಸೇರಿದ್ದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಶಾಲೆಗೆ ಹಿಂಸೆಯ ಬೆದರಿಕೆ ಬಂದಾಗ ಅಧಿಕಾರಿಗಳು ಏನು ಮಾಡುತ್ತಾರೆ, ಏನು ಮಾಡಬೇಕಿತ್ತು, ಮತ್ತು ಆ ಹೊತ್ತಿನಲ್ಲಿ ನಮ್ಮ ನಡತೆ ಹೇಗಿರಬೇಕು ಎಂಬುದನ್ನು ಇಂದು ಒಟ್ಟಾಗಿ ಯೋಚಿಸೋಣ.

ಮೂರು ಶುಕ್ರವಾರಗಳು

2022ರ ಏಪ್ರಿಲ್ 8. ಬೆಂಗಳೂರಿನ ಹತ್ತಕ್ಕೂ ಹೆಚ್ಚು ಶಾಲೆಗಳಿಗೆ ಇ-ಮೇಲ್ ಮೂಲಕ ಬಾಂಬ್ ಬೆದರಿಕೆ ಬಂತು. 2023ರ ಡಿಸೆಂಬರ್ 1. ಈ ಬಾರಿ ನಲವತ್ತಕ್ಕೂ ಹೆಚ್ಚು ಶಾಲೆಗಳು. ಅವುಗಳಲ್ಲೊಂದು ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರ ಮನೆಯ ಎದುರಿನದೇ. 2025ರ ಜುಲೈ 18. ಮತ್ತೆ ನಲವತ್ತರಷ್ಟು ಶಾಲೆಗಳು. ಮೂರೂ ದಿನ ಶುಕ್ರವಾರಗಳೇ. ಮೂರೂ ದಿನ ಮಕ್ಕಳನ್ನು ಹೊರಗೆ ಕಳುಹಿಸಿ ತಪಾಸಣೆ ನಡೆಸಲಾಯಿತು. ಮೂರೂ ದಿನ ಸಿಕ್ಕಿದ ಸ್ಫೋಟಕಗಳ ಸಂಖ್ಯೆ ಸೊನ್ನೆ. 2024ರ ಮೇ 1ರಂದು ದಿಲ್ಲಿ ಮತ್ತು ಸುತ್ತಮುತ್ತಲ ನೂರಕ್ಕೂ ಹೆಚ್ಚು ಶಾಲೆಗಳಲ್ಲಿ ಇದೇ ದೃಶ್ಯ ಮರುಕಳಿಸಿತು. ನಮ್ಮ ಜಿಲ್ಲೆಯನ್ನೂ ಈ ಗಾಳಿ ಬಿಡಲಿಲ್ಲ. 2025ರ ಜುಲೈನಲ್ಲಿ ಭಟ್ಕಳ ಪಟ್ಟಣದಲ್ಲಿ ಬಾಂಬ್ ಸ್ಫೋಟಿಸುವುದಾಗಿ ಅಲ್ಲಿಯ ಪೊಲೀಸ್ ಠಾಣೆಗೇ ಇ-ಮೇಲ್ ಬಂತು. ಹುಡುಕಾಟ ನಡೆಯಿತು. ಏನೂ ಸಿಗಲಿಲ್ಲ.

ಏನೂ ಸಿಗಲಿಲ್ಲ ಎಂದರೆ ಏನೂ ಆಗಲಿಲ್ಲ ಎಂದು ಅರ್ಥವಲ್ಲ. ಮೈದಾನದಲ್ಲಿ ಬಿಸಿಲಿಗೆ ನಿಂತು ಅತ್ತ ಮಗುವಿಗೆ, ಚಪ್ಪಲಿ ಮೆಟ್ಟದೆ ಶಾಲೆಗೆ ಓಡಿದ ತಾಯಿಗೆ, ಏನೋ ಆಗಿದೆ.

ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. 2023ರ ಡಿಸೆಂಬರಿನ ಆ ಇ-ಮೇಲ್ ಬಂದ ವಿಳಾಸದಲ್ಲಿದ್ದ ಹೆಸರು ಖಾರಿಜಿಗಳದು. ಅದರಲ್ಲಿದ್ದ ಮಾತು, ಮತಾಂತರವಾಗಿ, ಇಲ್ಲವೇ ಸಾಯಿರಿ ಎಂಬ ಧಾಟಿಯದು. ಮದ್ರಸಾದ ಚಾಪೆಯ ಮೇಲೆ ಕುಳಿತು ಇತಿಹಾಸ ಓದಿದ ನಮ್ಮಂಥವರಿಗೆ ಆ ಹೆಸರು ಹೊಸದಲ್ಲ. ಖಾರಿಜಿಗಳು ಯಾರು? ನಾಲ್ಕನೆಯ ಖಲೀಫ ಹಝ್ರತ್ ಅಲಿ(ರ)ಯವರ ವಿರುದ್ಧ ದಂಗೆಯೆದ್ದವರು. ತಮ್ಮನ್ನು ಒಪ್ಪದ ಮುಸ್ಲಿಮರನ್ನೇ ಧರ್ಮಭ್ರಷ್ಟರೆಂದು ಸಾರಿ ಕೊಂದವರು. ನಹ್ರವಾನ್‌ನಲ್ಲಿ ಸೋತ ಮೇಲೆ, ಕ್ರಿ.ಶ. 661ರಲ್ಲಿ ಕೂಫಾದಲ್ಲಿ ಅಲಿ(ರ)ಯವರ ಮೇಲೆಯೇ ವಿಷ ಸವರಿದ ಖಡ್ಗ ಬೀಸಿದವರು. ಹದಿಮೂರು ಶತಮಾನಗಳಿಂದ ನಮ್ಮ ವಿದ್ವಾಂಸರು ದಾರಿತಪ್ಪಿದವರೆಂದು ಖಂಡಿಸುತ್ತ ಬಂದಿರುವ ಗುಂಪಿನ ಹೆಸರು ಅದು. ಆದರೆ ಸಂಜೆಯ ಟಿ.ವಿ. ಚರ್ಚೆಗೆ ಇಷ್ಟೆಲ್ಲ ವಿವರ ಯಾರಿಗೆ ಬೇಕು? ಅರಬಿ ಶಬ್ದವೊಂದು ಸಿಕ್ಕರೆ ಸಾಕು, ಒಂದು ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಬಹುದು.

ಹೆಸರು ಬರೆದವನು ಯಾರು?

ಪತ್ರದ ಕೆಳಗಿನ ಹೆಸರೇ ಅಪರಾಧಿಯ ಹೆಸರು ಎಂದು ನಂಬುವವನಿಗೆ ಈಚಿನ ವರ್ಷಗಳು ಸಾಕಷ್ಟು ಪಾಠ ಹೇಳಿವೆ. 2025ರ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಚೆನ್ನೈನ ಮಹಿಳಾ ಇಂಜಿನಿಯರ್ ಒಬ್ಬರನ್ನು ಬಂಧಿಸಿದರು. ಪೊಲೀಸರ ಪ್ರಕಾರ, ತನ್ನ ಪ್ರೀತಿಯನ್ನು ನಿರಾಕರಿಸಿದ ವ್ಯಕ್ತಿಯನ್ನು ಸಿಕ್ಕಿಸಲೆಂದು ಆತನ ಹೆಸರಿನಲ್ಲಿ ಆಕೆ ಹಲವು ರಾಜ್ಯಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್‌ಗಳನ್ನು ಕಳುಹಿಸಿದ್ದರು. 2025ರ ಜನವರಿಯಲ್ಲಿ ದಿಲ್ಲಿಯ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಂದ ಬೆದರಿಕೆಗಳ ಜಾಡು ಹಿಡಿದು ಹೋದ ಪೊಲೀಸರಿಗೆ ಸಿಕ್ಕಿದ್ದು 12ನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಅದಕ್ಕೂ ಮುಂಚಿನ ತಿಂಗಳು ಅಲ್ಲಿಯ ಕೆಲವು ಬೆದರಿಕೆಗಳು ಆಯಾ ಶಾಲೆಯ ಮಕ್ಕಳಿಂದಲೇ ಬಂದಿದ್ದವು. ಕಾರಣ? ಪರೀಕ್ಷೆ ಮುಂದಕ್ಕೆ ಹೋಗಲಿ ಎಂಬುದು.

ಹಾಗಾದರೆ ಎಲ್ಲವೂ ಹುಡುಗಾಟವೇ, ನಿರ್ಲಕ್ಷಿಸಬಹುದೇ? ಖಂಡಿತ ಇಲ್ಲ. 2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಗೆ ನುಗ್ಗಿದ ಬಂದೂಕುಧಾರಿಗಳು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಕೊಂದವರು ಧರ್ಮದ ಹೆಸರು ಹೇಳಿದರು. ಕೊಲ್ಲಲ್ಪಟ್ಟ ಮಕ್ಕಳು ಅದೇ ಧರ್ಮದ ಕಲಿಮಾ ಹೇಳುವವರಾಗಿದ್ದರು. ಒಂದು ಜೀವವನ್ನು ಅನ್ಯಾಯವಾಗಿ ಕೊಲ್ಲುವುದು ಇಡೀ ಮನುಕುಲವನ್ನು ಕೊಂದದ್ದಕ್ಕೆ ಸಮಾನವೆಂದು ಬೋಧಿಸುವ ಗ್ರಂಥವನ್ನು ಕೈಯಲ್ಲಿ ಹಿಡಿದವರು ಅದನ್ನು ತೆರೆದು ನೋಡಿರಲಿಲ್ಲ. ಆ ದುರಂತದ ಬಳಿಕವೇ ನಮ್ಮ ಕೇಂದ್ರ ಗೃಹ ಸಚಿವಾಲಯವು ಶಾಲೆಗಳ ರಕ್ಷಣೆಯ ಕುರಿತು ರಾಜ್ಯಗಳಿಗೆ ಮಾರ್ಗಸೂಚಿ ಕಳುಹಿಸಿತು. ಬೆದರಿಕೆ ನೂರು ಸಲ ಸುಳ್ಳಾದರೂ ನೂರಾ ಒಂದನೆಯದನ್ನು ಸುಳ್ಳೆಂದು ಭಾವಿಸುವ ಹಕ್ಕು ಯಾವ ಮುಖ್ಯೋಪಾಧ್ಯಾಯರಿಗೂ ಇಲ್ಲ.

ಹುಲಿಕಟ್ಟಿಯ ನೀರಿನ ಟ್ಯಾಂಕು

ಇಮೇಲ್ ಕಳುಹಿಸದೆ, ಮುನ್ಸೂಚನೆ ಕೊಡದೆ ಶಾಲೆಯ ಮೇಲೆ ಎರಗಿದ ಹಿಂಸೆ ನಮ್ಮ ನಾಡಿನಲ್ಲೇ ನಡೆದಿದೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹುಲಿಕಟ್ಟಿ ಗ್ರಾಮ. 2025ರ ಜುಲೈ 14. ಸರಕಾರಿ ಪ್ರಾಥಮಿಕ ಶಾಲೆಯ ಕುಡಿಯುವ ನೀರಿನ ಟ್ಯಾಂಕಿಗೆ ಕೀಟನಾಶಕ ಬೆರೆಸಲಾಗಿತ್ತು. ನೀರು ಕುಡಿದ ಹತ್ತಕ್ಕೂ ಹೆಚ್ಚು ಮಕ್ಕಳು ಅಸ್ವಸ್ಥರಾದರು. ಅಲ್ಲಾಹನ ಕೃಪೆ, ಒಂದು ಜೀವವೂ ಹೋಗಲಿಲ್ಲ. ಪೊಲೀಸರ ತನಿಖೆಯ ಪ್ರಕಾರ ಈ ಕೃತ್ಯದ ಉದ್ದೇಶ ಒಂದೇ: ಹದಿಮೂರು ವರ್ಷಗಳಿಂದ ಆ ಶಾಲೆಯಲ್ಲಿದ್ದ ಮುಸ್ಲಿಮ್ ಮುಖ್ಯೋಪಾಧ್ಯಾಯರ ಮೇಲೆ ಅನುಮಾನ ಹುಟ್ಟಿಸಿ, ಅವರನ್ನು ಅಲ್ಲಿಂದ ವರ್ಗಾಯಿಸುವುದು. ಆಗಸ್ಟ್ ತಿಂಗಳಲ್ಲಿ ಬಂಧಿತರಾದ ಮೂವರಲ್ಲಿ ಒಬ್ಬನು ಶ್ರೀರಾಮ ಸೇನೆಯ ತಾಲ್ಲೂಕು ಮುಖಂಡನೆಂದು ಪೊಲೀಸರು ತಿಳಿಸಿದರು. ವಿಷವನ್ನು ಟ್ಯಾಂಕಿಗೆ ಹಾಕಿಸಿದ್ದು ಯಾರ ಕೈಯಿಂದ? ಚಾಕಲೇಟು, ಚಿಪ್ಸು ಮತ್ತು ಐನೂರು ರೂಪಾಯಿಯ ಆಸೆ ತೋರಿಸಿ ಆ ಶಾಲೆಯ ಒಬ್ಬ ಬಾಲಕನ ಕೈಯಿಂದ!

ಸಹೋದರರೇ, ಈ ಪ್ರಕರಣವನ್ನು ಕೇವಲ ಒಂದು ಗುಂಪಿನ ದ್ವೇಷದ ಕಥೆಯಾಗಿ ಓದಿ ಮುಗಿಸಬೇಡಿ. ಸಂಚು ಹೂಡಿದವರ ಲೆಕ್ಕಾಚಾರವನ್ನು ಸ್ವಲ್ಪ ಗಮನಿಸಿ. ಮಕ್ಕಳಿಗೆ ವಿಷ ಹಾಕಿದರೆ ಮುಖ್ಯೋಪಾಧ್ಯಾಯರು ಹೇಗೆ ವರ್ಗವಾಗುತ್ತಾರೆ? ಶಾಲೆಯಲ್ಲಿ ಏನಾದರೂ ಗದ್ದಲವಾದರೆ ಇಲಾಖೆಯು ಮೊದಲು ಮಾಡುವ ಕೆಲಸ ಶಿಕ್ಷಕರನ್ನು ಎತ್ತಂಗಡಿ ಮಾಡುವುದು ಎಂಬ ನಂಬಿಕೆ ಅವರಲ್ಲಿತ್ತು. ಅಧಿಕಾರಿಗಳ ಹಳೆಯ ಅಭ್ಯಾಸದ ಮೇಲೆ ಅವರು ಭರವಸೆಯಿಟ್ಟಿದ್ದರು. ನಮ್ಮ ಮಾತಿನ ತಿರುಳು ಇದೇ. ಬೆದರಿಸುವವನು ಅಧಿಕಾರಿಯನ್ನು ನೋಡಿ ಕಲಿಯುತ್ತಾನೆ. ಬೆದರಿಕೆಗೆ ಫಲ ಸಿಗುವ ಕಡೆ ಬೆದರಿಕೆ ಬೆಳೆಯುತ್ತದೆ. ಫಲ ಸಿಗದ ಕಡೆ ಅದು ಒಣಗುತ್ತದೆ.

ಹುಲಿಕಟ್ಟಿಯಲ್ಲಿ ತನಿಖೆ ಸರಿಯಾದ ದಿಕ್ಕಿಗೆ ನಡೆಯಿತು. ಗುಮಾನಿಯ ನೆರಳು ಬೀಳಬೇಕೆಂದು ಯಾರ ಮೇಲೆ ಗುರಿಯಿಡಲಾಗಿತ್ತೋ ಅವರ ಬದಲು ಸಂಚುಕೋರರ ಹೆಸರು ಹೊರಬಿತ್ತು. ಪೊಲೀಸರಿಗೆ ಸಲ್ಲಬೇಕಾದ ಶ್ಲಾಘನೆಯನ್ನು ನಾವು ಸಲ್ಲಿಸಲೇಬೇಕು. ದೂರುವಾಗ ದೊಡ್ಡದಾಗುವ ನಮ್ಮ ಧ್ವನಿ ಹೊಗಳುವಾಗ ಅಡಗಬಾರದು.

ಅಧಿಕಾರಿಗಳ ಮೂರು ದೋಷಗಳು

ಬೆದರಿಕೆಯ ಎದುರು ನಮ್ಮ ಶಾಲಾಡಳಿತಗಳು ಸಾಮಾನ್ಯವಾಗಿ ಮೂರು ತಪ್ಪುಗಳನ್ನು ಮಾಡುತ್ತವೆ.

ಮೊದಲನೆಯದು ಮುಚ್ಚಿಡುವುದು. ಶಾಲೆಯ ಹೆಸರು ಕೆಡುತ್ತದೆ, ಮುಂದಿನ ವರ್ಷದ ದಾಖಲಾತಿ ಕುಸಿಯುತ್ತದೆ ಎಂಬ ಭಯದಿಂದ ಬಂದ ಪತ್ರವನ್ನು ಮೇಜಿನ ಖಾನೆಗೆ ತಳ್ಳುವುದು. ಪಾಲಕರು ಕೇಳಿದರೆ "ಏನಿಲ್ಲ, ಎಲ್ಲ ಸರಿಯಿದೆ" ಎನ್ನುವುದು. ಸತ್ಯವನ್ನು ಅಡಗಿಸಿದ ಕಡೆ ವದಂತಿಯು ರಾಜ್ಯವಾಳುತ್ತದೆ. ಮರುದಿನ ಅದೇ ಮುಖ್ಯೋಪಾಧ್ಯಾಯರು ನಿಜ ಹೇಳಿದರೂ ನಂಬುವವರಿರುವುದಿಲ್ಲ.

ಎರಡನೆಯದು, ಯೋಚಿಸದೆ ಬಾಗಿಲು ಹಾಕುವುದು. ಕೆಲವು ಗಂಟೆಗಳ ಕಾಲ ಶಾಲೆ ತೆರವು ಮಾಡುವುದು ಬೇರೆ, ದಿನಗಟ್ಟಲೆ ಬೀಗ ಜಡಿಯುವುದು ಬೇರೆ. 2022ರ ಫೆಬ್ರವರಿಯನ್ನು ಯಾರು ಮರೆತಾರು? ಶಾಲು ಹೊದ್ದ ಗುಂಪುಗಳು ಕಾಲೇಜಿನ ಅಂಗಳದಲ್ಲಿ ಕೂಗೆಬ್ಬಿಸಿದವು, ಕೆಲವೆಡೆ ಕಲ್ಲುಗಳೂ ತೂರಿಬಂದವು. ಸರಕಾರವು ಫೆಬ್ರವರಿ 9ರಿಂದ ಮೂರು ದಿನ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ರಜೆ ಸಾರಿತು. ಆ ಕ್ಷಣಕ್ಕೆ ರಕ್ತಪಾತ ತಪ್ಪಿಸಲು ಅದು ಬೇಕಿತ್ತೆಂದೇ ಇಟ್ಟುಕೊಳ್ಳೋಣ. ಆದರೆ ಬಾಗಿಲು ಮತ್ತೆ ತೆರೆದಾಗ ಹೊರಗೆ ಉಳಿದವರು ಯಾರು? ಕೂಗಿದವರು ಒಳಗೆ ಹೋದರು. ತಲೆವಸ್ತ್ರ ಧರಿಸಿದ ಬಾಲಕಿಯರು ಗೇಟಿನ ಆಚೆ ನಿಂತರು. ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪುಗಳು, ಇವೆಲ್ಲ ಕಾನೂನಿನ ಚರ್ಚೆ. ಅದನ್ನು ನ್ಯಾಯಾಲಯಗಳಿಗೆ ಬಿಡೋಣ. ನಾವು ಕೇಳುವುದು ಆಡಳಿತದ ಪ್ರಶ್ನೆ. ಶಾಂತಿ ಕದಡುತ್ತೇನೆಂದು ಹೆದರಿಸಿದವನನ್ನು ತಡೆಯುವುದು ಸುಲಭವೋ, ಶಾಂತಿಯಿಂದ ಓದಲು ಬಂದವಳನ್ನು ತಡೆಯುವುದು ಸುಲಭವೋ? ಸುಲಭವಾದುದನ್ನೇ ಆಡಳಿತ ಆರಿಸಿಕೊಂಡರೆ ಅದು ಶಾಂತಿಪಾಲನೆಯಲ್ಲ; ಬೆದರಿಕೆಗೆ ಹಾಕಿದ ಸಹಿ.

ಮೂರನೆಯದು ಗುಮಾನಿ. ಬೆದರಿಕೆಯಲ್ಲಿ ಅರಬಿ ಹೆಸರು ಕಂಡ ಕೂಡಲೇ ತರಗತಿಯ ಹಿಂದಿನ ಬೆಂಚಿನ ಹುಡುಗನ ಕಡೆ ತಿರುಗುವ ಶಿಕ್ಷಕರ ಕಣ್ಣು. ಆ ನೋಟವು ಯಾವ ಎಫ್.ಐ.ಆರ್.ನಲ್ಲೂ ದಾಖಲಾಗುವುದಿಲ್ಲ, ಆದರೆ ಹುಡುಗನ ಎದೆಯಲ್ಲಿ ದಾಖಲಾಗುತ್ತದೆ. ಮಕ್ಕಳನ್ನು ವಿಚಾರಿಸುವಾಗಲೂ ಒಂದು ಕ್ರಮವಿದೆ. 2020ರಲ್ಲಿ ಬೀದರಿನ ಶಾಹೀನ್ ಶಾಲೆಯ ನಾಟಕವೊಂದರ ವಿಷಯದಲ್ಲಿ ಸಮವಸ್ತ್ರ ಧರಿಸಿದ ಪೊಲೀಸರು ಚಿಕ್ಕ ಮಕ್ಕಳನ್ನು ಪ್ರಶ್ನಿಸಿದ್ದು ಬಾಲನ್ಯಾಯ ಕಾಯ್ದೆಯ ನಿಯಮಗಳಿಗೆ ವಿರುದ್ಧವೆಂದು ಮೇಲ್ನೋಟಕ್ಕೆ ಕಾಣುತ್ತದೆ ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಹುಲಿಕಟ್ಟಿಯ ಬಾಲಕನೂ ಸೇರಿದಂತೆ ದೊಡ್ಡವರ ಪಾಪಕ್ಕೆ ಬಳಕೆಯಾದ ಮಗುವನ್ನು ಮಗುವಾಗಿಯೇ ಕಾಣಬೇಕು. ಆ ಮಗು ಯಾವ ಸಮುದಾಯದ್ದಾದರೂ ಸರಿ.

ಮದೀನಾದ ಒಂದು ರಾತ್ರಿ

ಹಾಗಾದರೆ ಸರಿಯಾದ ಕ್ರಮ ಯಾವುದು? ಹಝ್ರತ್ ಅನಸ್(ರ) ವರದಿ ಮಾಡಿರುವ ಒಂದು ಘಟನೆ ಬುಖಾರಿಯಲ್ಲಿದೆ. ಒಂದು ರಾತ್ರಿ ಮದೀನಾದ ಹೊರಗೆ ಭಾರೀ ಸದ್ದು ಕೇಳಿಸಿತು. ಶತ್ರುಗಳು ಬಂದರೋ ಏನೋ ಎಂದು ಜನರು ಗಾಬರಿಯಾಗಿ ಸದ್ದು ಬಂದ ದಿಕ್ಕಿಗೆ ಹೊರಟರು. ಅಷ್ಟರಲ್ಲಿ ಎದುರಿನಿಂದ ಪ್ರವಾದಿ(ಸ)ಯವರು ಮರಳಿ ಬರುತ್ತಿದ್ದರು. ಎಲ್ಲರಿಗಿಂತ ಮುಂಚೆ, ಅಬೂ ತಲ್ಹಾ(ರ)ರ ಕುದುರೆಗೆ ಜೀನು ಹಾಕುವಷ್ಟೂ ತಡಮಾಡದೆ, ಕೊರಳಿಗೆ ಖಡ್ಗ ತೂಗಿಸಿಕೊಂಡು ಅವರು ಹೋಗಿ ನೋಡಿ ಬಂದಿದ್ದರು. ಬಳಿಕ, ಹೆದರಬೇಕಾದದ್ದು ಏನೂ ಇಲ್ಲವೆಂದು ಜನರನ್ನು ಸಮಾಧಾನಪಡಿಸಿದರು.

ಕ್ರಮವನ್ನು ಗಮನಿಸಿ. ಮೊದಲು ಸಿದ್ಧತೆ, ಅನಂತರ ಪರಿಶೀಲನೆ, ಕೊನೆಗೆ ಸಮಾಧಾನ. ನಮ್ಮ ಕೆಲವು ಅಧಿಕಾರಿಗಳು ನೋಡುವುದಕ್ಕೆ ಮುಂಚೆಯೇ ಸಮಾಧಾನ ಹೇಳುತ್ತಾರೆ. ನಮ್ಮಲ್ಲಿ ಕೆಲವರು ನೋಡುವುದಕ್ಕೆ ಮುಂಚೆಯೇ ಬೊಬ್ಬೆ ಹಾಕುತ್ತಾರೆ. ಎರಡೂ ಒಂದೇ ರೋಗದ ಎರಡು ಲಕ್ಷಣಗಳು.

ಸಿದ್ಧತೆ ಎಂದರೇನು ಎಂಬುದು ಕಾರವಾರದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಒಂದು ಕಡೆ ಅರ್ಗಾದ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ಕೈಗಾದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಯನ್ನು ತುರ್ತು ಯೋಜನಾ ವಲಯವೆಂದು ಗುರುತಿಸಲಾಗಿದೆ. ಅವಘಡವಾದರೆ ಯಾರು ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕೆಂಬ ಅಣಕು ಕಾರ್ಯಾಚರಣೆಗಳು ಅಲ್ಲಿ ಕಾಲಕಾಲಕ್ಕೆ ನಡೆಯುತ್ತವೆ. 2025ರ ಮೇ ತಿಂಗಳಲ್ಲಿ ದೇಶಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಕರೆ ಬಂದಾಗ ರಾಜ್ಯದಲ್ಲಿ ಆಯ್ದ ಊರುಗಳಲ್ಲಿ ಕಾರವಾರವೂ ಒಂದಾಗಿತ್ತು. ಅಣುಸ್ಥಾವರದ ಸುತ್ತ ಸಾಧ್ಯವಾದದ್ದು ನಮ್ಮ ಓಣಿಯ ಶಾಲೆಯಲ್ಲಿ ಏಕೆ ಸಾಧ್ಯವಿಲ್ಲ?

ಇನ್ನು ಅಂಕೋಲೆಯವರು 2024ರ ಜುಲೈ 16ನ್ನು ಮರೆಯಲಾರರು. ಶಿರೂರಿನ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿದು, ಮನುಷ್ಯರನ್ನೂ ವಾಹನಗಳನ್ನೂ ಗಂಗಾವಳಿಗೆ ದೂಡಿತು. ಅದಕ್ಕೆ ಸರಿಯಾಗಿ ಇಪ್ಪತ್ತು ವರ್ಷಗಳ ಹಿಂದೆ, 2004ರ ಜುಲೈ 16ರಂದು, ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ ತೊಂಬತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಬಲಿಯಾಗಿದ್ದರು. ಹುಲ್ಲಿನ ಮಾಡು, ಇಕ್ಕಟ್ಟಾದ ಮೆಟ್ಟಿಲು, ಹೊರಬರಲು ದಾರಿಯಿಲ್ಲ. ಆ ಮಕ್ಕಳ ಸಾವಿನ ಹಿನ್ನೆಲೆಯಲ್ಲೇ 2009ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಅಡಕವಾಗಿದೆ ಎಂದು ಸಾರಿತು. ಬೆಂಕಿಯಿರಲಿ, ಗುಡ್ಡವಿರಲಿ, ಬಾಂಬಿನ ಬೆದರಿಕೆಯಿರಲಿ, ಮಗುವನ್ನು ಉಳಿಸುವುದು ಒಂದೇ ವಿಷಯ: ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅದಕ್ಕೆ ಮೊದಲೇ ಗೊತ್ತಿರುವುದು.

ದಿಲ್ಲಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ, ಶಾಲೆಗಳಿಗೆ ಬರುವ ಬಾಂಬ್ ಬೆದರಿಕೆಗಳನ್ನು ಎದುರಿಸಲು ವಿವರವಾದ ಕಾರ್ಯವಿಧಾನವನ್ನು ಎಂಟು ವಾರಗಳಲ್ಲಿ ರೂಪಿಸುವಂತೆ ಅಲ್ಲಿಯ ಸರಕಾರ ಮತ್ತು ಪೊಲೀಸರಿಗೆ ಆದೇಶಿಸಿತು. ಕೇಂದ್ರ ಶಿಕ್ಷಣ ಸಚಿವಾಲಯವು 2021ರಲ್ಲೇ ಮಕ್ಕಳ ಸುರಕ್ಷತೆಗೆ ಶಾಲಾಡಳಿತವನ್ನು ಹೊಣೆಯಾಗಿಸುವ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಕೊರತೆ ನಮಗಿಲ್ಲ. ಕಾಗದವು ಕಪಾಟಿನಿಂದ ಮೈದಾನಕ್ಕೆ ಇಳಿಯಬೇಕು, ಅಷ್ಟೇ.

ಮುಖ್ಯೋಪಾಧ್ಯಾಯರಲ್ಲಿ ವಿನಂತಿ

ಇಲ್ಲಿರುವ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಬೆದರಿಕೆ ಬಂದರೆ ತಕ್ಷಣ 112ಕ್ಕೆ ಮತ್ತು ಸಮೀಪದ ಠಾಣೆಗೆ ಕರೆ ಮಾಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಿಳಿಸಿ. ಬಂದ ಇ-ಮೇಲನ್ನು ಅಳಿಸಬೇಡಿ, ಯಾರಿಗೂ ಹಂಚಬೇಡಿ, ಅದು ಸಾಕ್ಷ್ಯ. ಕಾಗದದ ಪತ್ರವಾದರೆ ಹತ್ತು ಕೈಗಳಿಗೆ ದಾಟಿಸಬೇಡಿ. ವಾರಸುದಾರರಿಲ್ಲದ ಚೀಲ, ಪೆಟ್ಟಿಗೆಗಳನ್ನು ಮುಟ್ಟುವ ಧೈರ್ಯ ತೋರಿಸಬೇಡಿ. ಅದು ತಜ್ಞರ ಕೆಲಸ. ಮಕ್ಕಳನ್ನು ತರಗತಿವಾರು, ಪರಿಚಿತ ದಾರಿಯಲ್ಲಿ ಮೈದಾನಕ್ಕೆ ಕರೆದೊಯ್ಯಿರಿ. ಕೈಯಲ್ಲಿ ಹಾಜರಿ ಪುಸ್ತಕವಿರಲಿ, ಅಲ್ಲಿ ತಲೆ ಎಣಿಸಿ. ನಡೆಯಲಾರದ ಮಗುವನ್ನು ಯಾರು ಎತ್ತಿಕೊಳ್ಳಬೇಕೆಂದು ಮೊದಲೇ ಗೊತ್ತುಮಾಡಿ. ಮಗುವನ್ನು ಪಾಲಕರಿಗೆ ಅಥವಾ ಪಾಲಕರು ಸೂಚಿಸಿದವರಿಗೆ ಮಾತ್ರ ಒಪ್ಪಿಸಿ ಸಹಿ ಪಡೆಯಿರಿ. ಪಾಲಕರಿಗೆ ಶಾಲೆಯಿಂದ ಒಂದೇ ಧ್ವನಿಯಲ್ಲಿ, ಒಂದೇ ಸಂದೇಶ ಹೋಗಲಿ; ಅದರಲ್ಲಿ ನಿಜವಿರಲಿ. ಮರುದಿನ ಪಾಠಕ್ಕೆ ಮುಂಚೆ ಹತ್ತು ನಿಮಿಷ ಮಕ್ಕಳ ಬಳಿ ಕುಳಿತು ಅವರ ಭಯವನ್ನು ಕೇಳಿಸಿಕೊಳ್ಳಿ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಎಂದು ಕರೆಯುವುದು ಅದನ್ನೇ. ಈ ಸಮಿತಿಗಳು ಕಟ್ಟಡದ ಬಣ್ಣ, ವಾರ್ಷಿಕೋತ್ಸವಗಳ ಚರ್ಚೆಗೆ ಮೀಸಲಾಗಿರುವುದೇಕೆ? ನೀರಿನ ಟ್ಯಾಂಕಿಗೆ ಬೀಗವಿದೆಯೇ ಎಂದು ಕೇಳುವ ತಾಯಿ ಅಲ್ಲಿ ಒಬ್ಬಳಾದರೂ ಇರಬೇಕಲ್ಲವೇ?

ನಮ್ಮ ಮನೆಯ ಕಸ

ಈಗ ಇತರರತ್ತ ತೋರಿಸಿದ ಬೆರಳನ್ನು ನಮ್ಮತ್ತ ತಿರುಗಿಸೋಣ.

ಭದ್ರತೆಯ ಅಥವಾ ಭಯದ ಸುದ್ದಿಯೊಂದು ಬಂದೊಡನೆ ಅದನ್ನು ಹರಡುವವರನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 83ನೆಯ ಸೂಕ್ತದಲ್ಲಿ ಟೀಕಿಸುತ್ತದೆ. ಅದನ್ನು ಹೊಣೆಯರಿತವರ, ಪರಿಶೀಲಿಸಬಲ್ಲವರ ಬಳಿಗೆ ಒಯ್ಯಬೇಕೆಂದು ಬೋಧಿಸುತ್ತದೆ. ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತವು, ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ನಡೆದರೆ ಅರಿಯದೆಯೇ ಜನರಿಗೆ ಹಾನಿಮಾಡಿ ಪಶ್ಚಾತ್ತಾಪ ಪಡಬೇಕಾದೀತೆಂದು ಎಚ್ಚರಿಸುತ್ತದೆ. ನಮ್ಮ ಮೊಬೈಲುಗಳನ್ನು ಈ ಎರಡು ಸೂಕ್ತಗಳ ಮುಂದಿಟ್ಟು ನೋಡೋಣ. ಫಜ್ರ್ ನಮಾಝಿನ ಬಳಿಕ ಕುರ್‌ಆನ್ ಓದಿದ ಬೆರಳೇ ಹತ್ತು ಗಂಟೆಗೆ, ಎಲ್ಲಿಂದ ಬಂತೆಂದು ತಿಳಿಯದ ಸಂದೇಶವನ್ನು ಐವತ್ತು ಮನೆಗಳಿಗೆ ಹಂಚುತ್ತದೆ.

ಅಂಕೋಲೆಯ ತಾಯಿಯೊಬ್ಬರು ಈಚೆಗೆ ನಮ್ಮೊಡನೆ ಹೇಳಿಕೊಂಡರು. ಅವರ ಮಗಳು ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಓದುತ್ತಿದ್ದಳು. ಒಂದು ದಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಲಾಟೆಯ ಸುದ್ದಿ ಬಂತು. ಆಕೆಯ ಮಾವ ಹೇಳಿದರು, "ಇನ್ನು ಸಾಕು, ಮನೆಯಲ್ಲೇ ಇರಲಿ." ಸುದ್ದಿ ಸಂಜೆಯೊಳಗೆ ಸುಳ್ಳೆಂದು ತಿಳಿಯಿತು. ಆದರೆ 'ಇನ್ನು ಸಾಕು' ಎಂಬುದು ಹಾಗೆಯೇ ಉಳಿಯಿತು. ತಾಯಿ ನಮ್ಮನ್ನು ಕೇಳಿದರು: "ಸುಳ್ಳು ಸುದ್ದಿಗೆ ನಿಂತ ಓದು ನಿಜ ಸುದ್ದಿ ಬಂದ ಮೇಲೆ ಏಕೆ ಮುಂದುವರಿಯಲಿಲ್ಲ?" ನಮ್ಮ ಬಳಿ ಉತ್ತರವಿರಲಿಲ್ಲ. ಸರಕಾರ ಮೂರು ದಿನ ಹಾಕಿದ ಬೀಗದ ಬಗ್ಗೆ ಸಂಪಾದಕೀಯ ಬರೆಯುವ ನಾವು, ನಮ್ಮ ಮನೆಯೊಳಗೆ ಜೀವನಪೂರ್ತಿ ಬೀಳುವ ಬೀಗದ ಬಗ್ಗೆ ಮೌನವಾಗಿದ್ದೇವೆ. ಬೆದರಿಸುವವನಿಗೆ ಫಲ ಕೊಡುವವರು ಅಧಿಕಾರಿಗಳು ಮಾತ್ರವಲ್ಲ, ನಾವೂ ಹೌದು.

ನಮ್ಮ ಮದ್ರಸಾಗಳ ಮತ್ತು ಸಮುದಾಯದ ಶಾಲೆಗಳ ಸ್ಥಿತಿಯೇನು? ಎಷ್ಟು ಕಟ್ಟಡಗಳಿಗೆ ಎರಡನೆಯ ಮೆಟ್ಟಿಲಿದೆ? ಎಷ್ಟು ಕಿಟಕಿಗಳ ಸರಳುಗಳು ತೆರೆಯುತ್ತವೆ? ರಾತ್ರಿ ಹೊರಗಿನಿಂದ ಚಿಲಕ ಹಾಕುವ ವಸತಿ ಮದ್ರಸಾಗಳು ನಮ್ಮಲ್ಲಿಲ್ಲವೇ? ಗುಮ್ಮಟಕ್ಕೆ ಚಂದಾ ಎತ್ತುವಾಗ ಇರುವ ಉತ್ಸಾಹ ಬೆಂಕಿ ನಂದಿಸುವ ಸಿಲಿಂಡರಿಗೆ ಏಕಿಲ್ಲ? ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಒಂಟೆಯನ್ನು ಕಟ್ಟದೆ ಭರವಸೆಯ ಮಾತಾಡುವುದು ತವಕ್ಕುಲ್ ಅಲ್ಲ, ಸೋಮಾರಿತನ.

ಕೊನೆಯದಾಗಿ ನಮ್ಮ ಹುಡುಗರು. ಮೊಬೈಲು ಕೈಗೆ ಕೊಟ್ಟ ಮೇಲೆ ಅವರು ಏನು ಬರೆಯುತ್ತಾರೆಂದು ಕೇಳುವ ತಂದೆಯರೆಷ್ಟು? ಪರೀಕ್ಷೆ ತಪ್ಪಿಸಲು ತಮಾಷೆಗೆ ಕಳುಹಿಸಿದ ಒಂದು ಸಾಲು ಕಾನೂನಿನ ಕಣ್ಣಿನಲ್ಲಿ ತಮಾಷೆಯಲ್ಲ. ಅನಾಮಧೇಯ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಡಿ, ಬೆದರಿಕೆಯ ಶಿಕ್ಷೆಯಲ್ಲದೆ ಇನ್ನೂ ಎರಡು ವರ್ಷಗಳವರೆಗೆ ಸೆರೆಮನೆಯಿದೆ. ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಸುದ್ದಿಗೆ 353ನೆಯ ಕಲಮಿನಡಿ ಮೂರು ವರ್ಷಗಳವರೆಗಿದೆ. ಧರ್ಮದ ಕಣ್ಣಿನಲ್ಲಂತೂ ಅದು ಇನ್ನೂ ಗಂಭೀರ. ಪ್ರಯಾಣವೊಂದರಲ್ಲಿ ಮಲಗಿದ್ದ ಸಂಗಾತಿಯ ಹಗ್ಗವನ್ನು ಒಬ್ಬರು ವಿನೋದಕ್ಕಾಗಿ ಎಳೆದುಕೊಂಡಾಗ ಆತ ಬೆಚ್ಚಿಬಿದ್ದರು. ಇನ್ನೊಬ್ಬರನ್ನು ಹೀಗೆ ಹೆದರಿಸುವುದು ಮುಸ್ಲಿಮನಿಗೆ ಸಲ್ಲದೆಂದು ಪ್ರವಾದಿ(ಸ)ಯವರು ತಿಳಿಸಿದರು. ಒಂದು ಹಗ್ಗದ ವಿನೋದವೇ ಸಲ್ಲದಿದ್ದರೆ ಸಾವಿರ ಮಕ್ಕಳನ್ನು ಬಿಸಿಲಿಗೆ ಓಡಿಸುವ ವಿನೋದ ಹೇಗೆ ಸಂದೀತು?

ಪಾಲಕರಿಗೆ ನಾಲ್ಕು ಮಾತು

ಶಾಲೆಯ ದಾಖಲೆಯಲ್ಲಿರುವ ನಿಮ್ಮ ಫೋನ್ ನಂಬರು ಈಗಲೂ ನಡೆಯುತ್ತಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಬೆದರಿಕೆಯ ದಿನ ಗೇಟಿನ ಎದುರು ಸ್ಕೂಟರು, ಆಟೋಗಳನ್ನು ಅಡ್ಡ ನಿಲ್ಲಿಸಬೇಡಿ. ಆಂಬುಲೆನ್ಸ್ ಬರುವ ದಾರಿ ಅದೇ. ಖಚಿತವಾಗದ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ನಿಮ್ಮಲ್ಲಿಗೇ ಅದು ಸಾಯಲಿ. ಮತ್ತು, ತಪಾಸಣೆ ಮುಗಿದು ಶಾಲೆ ತೆರೆದ ದಿನ ಮಗುವನ್ನು ಕಳುಹಿಸಿ. ಮಗನನ್ನೂ, ಮಗಳನ್ನೂ.

1930ರಲ್ಲಿ ಉಪ್ಪಿನ ಕಾನೂನು ಮುರಿದು, ಬ್ರಿಟಿಷರ ಲಾಠಿಗೂ ಜಪ್ತಿಗೂ ಹೆದರದೆ ನಿಂತು ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಊರು ಅಂಕೋಲೆ. ಆ ಮಣ್ಣಿನ ಮಕ್ಕಳು ಹೆಸರಿಲ್ಲದ ಇ-ಮೇಲಿಗೆ ಹೆದರಿ ಓದು ಬಿಟ್ಟರೆಂದು ನಾಳಿನವರು ಹೇಳಬಾರದು. ಅಧಿಕಾರಿಗಳು ತಮ್ಮ ಹೊಣೆ ನಿರ್ವಹಿಸುವಂತೆ ಕೇಳೋಣ. ಎಲ್ಲ ಸಮುದಾಯಗಳ ಪಾಲಕರೊಂದಿಗೆ ಸೇರಿ ಕೇಳೋಣ, ಏಕೆಂದರೆ ಹುಲಿಕಟ್ಟಿಯ ಆ ನೀರನ್ನು ಕುಡಿದ ಮಕ್ಕಳ ಜಾತಿಯನ್ನು ವಿಷವು ಕೇಳಿರಲಿಲ್ಲ. ಜೊತೆಗೆ ನಮ್ಮ ಹೊಣೆಯನ್ನೂ ನಿರ್ವಹಿಸೋಣ.

ನಮ್ಮ ಮಕ್ಕಳೆಂಬ ಅಮಾನತ್ತನ್ನು ಕಾಯುವ ವಿವೇಕವನ್ನೂ, ಭಯದ ಹೊತ್ತಿನಲ್ಲಿ ಸ್ಥಿರವಾಗಿ ನಿಲ್ಲುವ ಸಾಮರ್ಥ್ಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಅನುಗ್ರಹಿ‌ಸಲಿ. ಆಮೀನ್. ವಸ್ಸಲಾಮ್.